ಸಾವಂತ್ರಮ್ಮನ ಕೈಗುಣ

ಎರ್ರಮ್ಮನ ಬಾವಿ ನೀರು ಸಿಹಿ. ಜಂಬಮ್ಮನ ಪಾಲಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಡೀ ಬಳ್ಳಾರಿಯಲ್ಲಿ ಇರಲಿಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಮೋಟುಗೋಡೆ. ಎರಡನೇ ಮಹಾಯುದ್ಧದ ಲಡಾಯಿ ಮುಗಿದ ವರ್ಷ ಯಾವನೋ ಗುತ್ತಿಗೆದಾರ ಸೊಳ್ಳೆಮದ್ದಿನ ಹಸಿರು ಪುಡಿ ತುಂಬಿದ ಡ್ರಮ್ಮುಗಳನ್ನು ಜಂಬಮ್ಮನ ಹಿತ್ತಲಾಚೆಯ ಗುಂಡಿಗೆ ಉರುಳಿಸಿ ಹೋದ. ಅವು ತುಕ್ಕು ಹಿಡಿದು ಒಡೆದವು. ವಿಷ ಇಳಿದದ್ದು ಮಾತ್ರ ಜಂಬಮ್ಮನ ಬಾವಿಗೆ! ಆಕೆ ಬಾವಿಗೆ ಬಂಡೆ ಮುಚ್ಚಿಸಿದಳು. ಮೊಮ್ಮಗಳು ಜಡೆಮ್ಮ ಗುಂಡಿಯತ್ತ ಸುಳಿಯದಂತೆ ಜಾಲಿಮುಳ್ಳಿನ ಬೇಲಿ ಹಾಕಿಸಿದಳು. ಮೂರು ವರ್ಷದಿಂದ ಮನೆಗೆಲ್ಲ ದೂರದ ಸರ್ಕಾರಿ ಬಾವಿಯ ಸವಳು ನೀರೇ ಗತಿ.

“ನಮ್ಮ ಬಾವಿ ಬ್ಯಾರೆ, ನಿಮ್ಮ ಬಾವಿ ಬ್ಯಾರೆ ಏನಕ್ಕಾ? ಬಂದು ಸೇದಿಕೊಳ್ರಿ,” ಎಂದಿದ್ದಳು ಎರ್ರಮ್ಮ.

ಥೂ, ಆ ಧಾರಾಳತನಕ್ಕೇ ಜಂಬಮ್ಮನ ಮೈ ಉರಿಯಿತು. “ಆಕಿ ನೀರು ಈ ಮನಿಗಿ ಬಂದ್ರ ನನ್ನ ಹೆಣಾನ ನೋಡ್ತಿ,” ಎಂದು ಸೊಸೆ ಸಾವಂತ್ರಮ್ಮನಿಗೆ ತಾಕೀತು ಮಾಡಿದಳು. ಆಮೇಲೂ ಮನೆಯಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. “ನೀರಾಗೇನೈತಿ? ಎಲ್ಲಾ ನಮ್ಮ ಸೊಸಿ ಕೈಗುಣ,” ಎಂದು ಗೋಡೆಯಾಚೆ ಕೇಳುವಂತೆ ಹೇಳುವಳು.

ಒಂದು ದಿನ ಕತ್ತೆಯೊಂದು ಗುಂಡಿಯ ಹಸಿರು ಪುಡಿ ನೆಕ್ಕಿ ಸತ್ತಿತು. ಜಂಬಮ್ಮನಿಗೆ ಉಪಾಯ ಹೊಳೆಯಿತು. ಆ ಪುಡಿ ಎರ್ರಮ್ಮನ ಬಾವಿಗೆ ಬಿದ್ದರೆ, ಗುಂಡಿಯ ವಿಷ ಅಲ್ಲಿಗೂ ಇಳಿಯಿತು ಅನ್ನುತ್ತಾರೆ ಜನ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸೋಮವಾರ ಎರ್ರಮ್ಮನ ಮನೆಯವರೆಲ್ಲ ಕುರುಗೋಡಿನ ಬೀಗರ ಮನೆಗೆ ಹೋದರು, ಬರುವುದು ಮರುದಿನವೇ. ಮಧ್ಯಾಹ್ನ ಸೊಸೆ ಬಟ್ಟೆ ಒಗೆಯಲು ಹೋಗಿದ್ದಳು. ಜಂಬಮ್ಮ ಕೈಗೆ ಅರಿವೆ ಸುತ್ತಿಕೊಂಡು, ಮೋಟುಗೋಡೆ ದಾಟಿ, ಎರಡು ಡಬ್ಬಿ ಪುಡಿ ಸುರಿದು ಬಂದಳು. ಇಣುಕಿ ನೋಡಿದಳು, ಪುಡಿ ತಳಕ್ಕಿಳಿದು ನೀರು ತಿಳಿಯಾಗಿತ್ತು. ಅರಿವೆ ಸುಟ್ಟಳು, ಡಬ್ಬಿ ಗುಂಡಿಗೆ ಎಸೆದಳು, ಸೀಗೆಪುಡಿ ಹಚ್ಚಿ ಮೂರು ಸಲ ಕೈ ತೊಳೆದಳು. ಸಂಜೆ ಎಂದಿನಂತೆ ಗುಡಿಗೆ ಹೋಗಿ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿನಲ್ಲೇ ಕೂತು ಪುರಾಣ ಕೇಳಿದಳು. ಎಲ್ಲ ಕೆಲಸ ಅಚ್ಚುಕಟ್ಟು.

ಮನೆಗೆ ಬಂದಾಗ ಜಡೆಮ್ಮ ಉಂಡು ಬಟ್ಟಲು ನೆಕ್ಕುತ್ತಿದ್ದಳು. ಜಂಬಮ್ಮನಿಗೆ ಎಂದೂ ಇಲ್ಲದ ಹಸಿವು. ಬೇಳೆ ಕಲಸಿದ ಅನ್ನವನ್ನು ಗಬಗಬ ಉಂಡು, “ಏನ್ ಕೈಗುಣವ್ವಾ ನಿಂದು!” ಎಂದು ನಕ್ಕಳು. ಅತ್ತೆ ನಕ್ಕದ್ದು ಕಂಡು ಸಾವಂತ್ರಮ್ಮನಿಗೆ ಧೈರ್ಯ ಬಂತು. “ಸಿಟ್ಟಾಗಬ್ಯಾಡ್ರಿ ಅತ್ತಿ, ಇಷ್ಟು ದಿನ ಹೇಳಾಕ ಅಂಜಿದ್ದೆ. ಸವಳು ನೀರಾಗ ಬ್ಯಾಳಿ ಎಲ್ಲಿ ಬೇಯ್ತಾವ್ರಿ? ನೀವು ಗುಡಿಗಿ ಹೋದ ಕೂಡ್ಲೆ ದಿನಾ ಎರ್ರಮ್ಮತ್ತಿ ಬಾವಿಯಿಂದ ಒಂದು ಕೊಡ ಸೇದಿಕೊಂಡು ಬರ್ತೀನಿ. ಇವತ್ತೂ ತಂದೀನಿ.”