ಬೆಳಕು ಸಾಲ್ತಿಲ್ಲ, ಕಿಡಿ!

"ಅಯ್ಯೋ...!"

ಕೂಗಿದ್ದು ತಾನೇ ಎಂದು ಅವಳಿಗೆ ಗೊತ್ತಾಗಿದ್ದು ಕೂಗಿ ಮುಗಿದ ಮೇಲೆ.

ಬೈಕು ರಿಪೇರಿ ಅಂಗಡಿಯ ಶಟರ್ ಎಳೆಯಲು ಕೊಕ್ಕೆ ಹಿಡಿದು ರಸ್ತೆಯಂಚಿಗೆ ಇಳಿದಿದ್ದಳು, ಅಷ್ಟೇ. ಮುಸ್ಸಂಜೆಯ ಮಬ್ಬಿನಲ್ಲಿ ಒಂದು ಬೈಕು ನೇರವಾಗಿ ಅವಳ ಮೇಲೆಯೇ ಬಂತು. ಹಾರ್ನಿಲ್ಲ, ಪಕ್ಕಕ್ಕೆ ಸರಿಯುವ ಲಕ್ಷಣವೂ ಇಲ್ಲ. ಅವಳ ಕೂಗಿಗೆ ಬ್ರೇಕು ಕಿರುಚಿ ನಿಂತಾಗ, ಮುಂದಿನ ಚಕ್ರಕ್ಕೂ ಅವಳ ಮೊಣಕಾಲಿಗೂ ನಡುವೆ ಒಂದು ಗೇಣು ಜಾಗವೂ ಉಳಿದಿರಲಿಲ್ಲ.

"ಕಣ್ಣು ಕಾಣಲ್ವೇನ್ರೀ ನಿಮಗೆ? ಇಷ್ಟು ದೊಡ್ಡ ಆಳು, ಕಿತ್ತಳೆ ಬಣ್ಣದ ಅಂಗಿ ಹಾಕ್ಕೊಂಡು ನಿಂತಿದ್ದೀನಿ!"

ಅವನು ಹೆಲ್ಮೆಟ್ ತೆಗೆದ. ಮುಖದಲ್ಲಿ ರಕ್ತವೇ ಇರಲಿಲ್ಲ. ಅದನ್ನು ನೋಡಿ ಅವಳ ಅರ್ಧ ಕೋಪ ಅಲ್ಲೇ ಇಳಿದುಹೋಯಿತು.

"ತಪ್ಪಾಯ್ತು... ನನ್ನ ಲೈಟು ತುಂಬಾ ಡಿಮ್ಮು. ಇಲ್ಲಿ ಬೈಕಿಗೆ ಎಕ್ಸ್‌ಟ್ರಾ ಎಲ್ಇಡಿ ಲೈಟು ಹಾಕ್ತಾರಾ?"

"ಹಾಕ್ತಾರೆ."

"ಯಾರು ಹಾಕೋದು?"

"ಈಗ ಕೊಲ್ಲೋಕೆ ಹೊರಟಿದ್ರಲ್ಲ, ಅವಳೇ!"

ಒಳಗಿನಿಂದ ಅವಳ ಸೋದರಮಾವ ಹೋ ಎಂದು ನಕ್ಕ. ಅಂಗಡಿ ಅವನದೇ. ಎಂಜಿನ್ನಿನ ಕೆಲಸ ಅವನದು, ಕರೆಂಟಿನ ಕೆಲಸ ಸೋದರಸೊಸೆಯದು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಅವಳಿಗೆ ‘ಕಿಡಿ’ ಎಂದು ಹೆಸರಿಟ್ಟವನೂ ಅವನೇ. ಈಗ ಇಡೀ ಬೀದಿಗೆ ಅವಳು ಕಿಡಿ.

ಬೈಕಿನ ಹಿಂದೆ ಬಿಗಿದಿದ್ದ ನೀಲಿ ಐಸ್ ಪೆಟ್ಟಿಗೆಯನ್ನು ನೋಡಿ, ಮಾವ ಆ ಹುಡುಗನಿಗೂ ಅಲ್ಲೇ ಒಂದು ಹೆಸರು ಕಟ್ಟಿಬಿಟ್ಟ. ಐಸ್‌ಡಬ್ಬಿ!

ಗುಡ್ಡದ ಆಚೆಯ ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಆ ಡಬ್ಬಿಯಲ್ಲಿ ತುಂಬಿಕೊಂಡು, ಸಂಜೆ ಪೇಟೆಯ ಲ್ಯಾಬಿಗೆ ಮುಟ್ಟಿಸುವುದು ಅವನ ಕೆಲಸ.

ಮರುದಿನ ಬೆಳಿಗ್ಗೆ ಬೈಕು ಬಂತು. ಕಿಡಿ ಟ್ಯಾಂಕು ಬಿಚ್ಚಿ ಕೂತಳು. ಮುಂದಿನ ಗಾರ್ಡಿಗೆ ಎರಡು ಲೈಟು ಕಚ್ಚಿಸಿದಳು. ಬ್ಯಾಟರಿಯ ಪಕ್ಕ ಒಂದು ಫ್ಯೂಸು, ಸ್ವಿಚ್ಚಿನ ಮೇಲೆ ಭಾರ ಬೀಳದಿರಲೆಂದು ಸೀಟಿನಡಿ ಒಂದು ರಿಲೇ. ಹ್ಯಾಂಡಲು ತಿರುಗಿಸಿದಾಗ ಎಳೆದು ಹರಿಯದಿರಲೆಂದು ಅಲ್ಲಿ ಮಾತ್ರ ವೈರನ್ನು ಸಡಿಲ ಬಿಟ್ಟಳು.

ಕೆಲಸದ ಹತ್ತಿರ ಗಿರಾಕಿ ನಿಂತರೆ ಅವಳಿಗೆ ಆಗದು. ಇವನು ಮಾತ್ರ ಸ್ಟೂಲು ಎಳೆದು ಕೂತು, ಅದೇನು, ಇದೇನು ಎಂದು ಕೇಳುತ್ತಲೇ ಇದ್ದ. ಅವಳೂ ಹೇಳುತ್ತಲೇ ಇದ್ದಳು! ಕೈಜಾರಿ ಮಣ್ಣಿಗೆ ಬಿದ್ದ ಸಾಸಿವೆಯಷ್ಟು ಸ್ಕ್ರೂ ಒಂದನ್ನು ಅವಳು ಹುಡುಕುತ್ತಿದ್ದರೆ, ಅವನು ಕೂತಲ್ಲಿಂದಲೇ ಬಗ್ಗಿ ಎತ್ತಿಕೊಟ್ಟ.

"ಹದ್ದಿನ ಕಣ್ಣು ನಿಮ್ಮದು," ಎಂದಳು.

ಅವನ ನಗು ಯಾಕೋ ಅರ್ಧಕ್ಕೇ ನಿಂತಿತು. ಅವಳು ಅದನ್ನು ನಾಚಿಕೆ ಎಂದುಕೊಂಡಳು.

ಎರಡು ದಿನ ಕಳೆಯಲಿಲ್ಲ, ಮತ್ತೆ ಬಂದ. "ಬೆಳಕು ಸಾಲ್ತಿಲ್ಲ ರೀ. ಇನ್ನೂ ಸ್ವಲ್ಪ ಮೇಲೆ ಎತ್ತಿ."

"ಎತ್ತಿದ್ರೆ ಎದುರಿನವರ ಕಣ್ಣಿಗೆ ಹೊಡಿಯುತ್ತೆ. ಆಗಲ್ಲ."

ಮತ್ತೆರಡು ದಿನಕ್ಕೆ ಮತ್ತೆ ಅದೇ ರಾಗ. ಅವಳು ಫ್ಯೂಸು ನೋಡಿದಳು, ರಿಲೇ ನೋಡಿದಳು, ಬ್ಯಾಟರಿಯ ತಂತಿ ಉಜ್ಜಿದಳು. ಎಲ್ಲವೂ ಸರಿಯಾಗಿತ್ತು. ರಸ್ತೆಯ ಮೇಲೆ ಹಾಲು ಚೆಲ್ಲಿದಂಥ ಬೆಳಕು!

"ಅವನಿಗೆ ಸಾಲದೇ ಇರೋದು ಬೆಳಕಲ್ಲ ಕಣೇ," ಎಂದು ಮಾವ ಮೀಸೆಯಡಿಯಲ್ಲೇ ನಕ್ಕ. "ನಿನ್ನ ದರ್ಶನ!"

"ಸುಮ್ನಿರು ಮಾವ," ಎಂದು ಗದರಿದರೂ ಅವಳ ಕಿವಿ ಬಿಸಿಯಾಯಿತು. ನಿಜವೇ ಇರಬಹುದೇ? ಸುಮ್ಮಸುಮ್ಮನೆ ನೆಪ ಹುಡುಕಿಕೊಂಡು ಬರುತ್ತಿದ್ದಾನೆಯೇ? ಆ ರಾತ್ರಿ ಅವಳಿಗೆ ನಿದ್ದೆ ಬೇಗ ಬರಲಿಲ್ಲ.

ಆದರೆ ಅದರ ಮಾರನೆಯ ಸಂಜೆ ನಡೆದದ್ದೇ ಬೇರೆ.

ಬೇಕರಿಯ ಪಕ್ಕದ ಓಣಿಯಲ್ಲಿ ಅವನು ಎದುರಿಗೇ ನಡೆದು ಬಂದ. ಅವಳು ಮುಖವೆಲ್ಲ ನಗುವಾಗಿ ಕೈ ಎತ್ತಿದಳು. ಅವನು ಅವಳ ಕಡೆಗೇ ನೋಡಿದ... ನೋಡಿ, ಕಂಬವನ್ನು ದಾಟಿ ಹೋಗುವ ಹಾಗೆ ದಾಟಿ ಹೋದ!

ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ತಲೆಗೂದಲು ಸರಿಮಾಡಿಕೊಂಡಳು. 'ಅಂಗಡಿಯಲ್ಲಿ ಮಾತಾಡಿಸಲು ಬೇಕು, ಬೀದಿಯಲ್ಲಿ ಬೇಡವೇ? ಗ್ರೀಸಿನ ಕೈಯವಳ ಗುರುತು ಹೇಳಿಕೊಳ್ಳಲು ನಾಚಿಕೆಯೇ?' ಮನೆ ಸೇರುವವರೆಗೂ ತಲೆ ಎತ್ತಲಿಲ್ಲ.

ಅವನು ಮತ್ತೆ ಅಂಗಡಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. "ಕಿಡಿ ಅವ್ರೇ, ಬೆಳಕು..."

"ಸಾಲ್ತಿಲ್ಲ ಅಲ್ವಾ? ನಡೀರಿ. ನಾನೇ ಹಿಂದೆ ಕೂತು ನೋಡ್ತೀನಿ, ಅದು ಎಲ್ಲಿ ಸಾಲ್ತಿಲ್ಲ ಅಂತ!"

ಅವನ ಮುಖ ಸಪ್ಪಗಾಯಿತು. "ಈಗ್ಲಾ? ನಾಳೆ ಬೆಳಿಗ್ಗೆ..."

"ಬೆಳಿಗ್ಗೆ ಲೈಟು ನೋಡ್ತಾರಾ ಯಾರಾದ್ರೂ?"

ಪೇಟೆ ದಾಟಿದ್ದೇ ಬೀದಿದೀಪಗಳು ಮುಗಿದವು. ಎರಡು ಲೈಟುಗಳೂ ಮುಂದಿನ ರಸ್ತೆಯನ್ನು ಬೆಳಗುತ್ತಿದ್ದವು. 'ಇದು ಸಾಲದೇ ಇವನಿಗೆ?' ಎಂದುಕೊಳ್ಳುವಷ್ಟರಲ್ಲಿ ಎಡಕ್ಕೆ, ರಸ್ತೆಗೆ ಚಾಚಿಕೊಂಡು ನಿಂತ ತಳ್ಳುಗಾಡಿ ಅವಳಿಗೆ ಕಂಡಿತು. ಮಬ್ಬಿನಲ್ಲೂ ಸ್ಪಷ್ಟವಾಗಿ ಕಂಡಿತು. ಬೈಕು ಮಾತ್ರ ಅದರ ಕಡೆಗೇ ಹೋಗುತ್ತಿತ್ತು.

ಈಗ ತಿರುಗಿಸುತ್ತಾನೆ... ಈಗ...

"ಗಾಡಿ! ಗಾಡಿ ರೀ! ಬಲಕ್ಕೆ!"

ಅವಳು ಅವನ ಭುಜ ಹಿಡಿದು ಎಳೆದಳು. ಬೈಕು ಹಾವಿನಂತೆ ಹೊರಳಿತು. ತಳ್ಳುಗಾಡಿಯ ಹಿಡಿ ಅವಳ ತೋಳನ್ನು ಸವರಿಕೊಂಡು ಹೋಯಿತು. ಬೈಕು ಅಷ್ಟು ದೂರ ಹೋಗಿ ನಿಂತಿತು.

"ಯಾವ ಗಾಡಿ?" ಎಂದ ಅವನು, ಬಹಳ ಮೆಲ್ಲಗೆ.

ಎಂಜಿನ್ ಆರಿಸಿ ಇಳಿಯುವಾಗ ಕೈಯಿಂದ ಕೀ ಜಾರಿತು. ಅವನು ಕೂತು ನೆಲ ತಡಕತೊಡಗಿದ. ಎಡಕ್ಕೆ, ಬಲಕ್ಕೆ, ಚಕ್ರದಡಿ... ಕೀ ಅವನ ಬೂಟಿನ ಪಕ್ಕದಲ್ಲೇ ಬಿದ್ದಿತ್ತು. ಸಾಸಿವೆಯಷ್ಟು ಸ್ಕ್ರೂ ಕಂಡವನಿಗೆ ಬೆರಳುದ್ದದ ಕೀ ಕಾಣುತ್ತಿಲ್ಲ!

"ಮೊನ್ನೆ ಬೇಕರಿ ಓಣೀಲಿ... ನಾನು ಕೈ ಎತ್ತಿದ್ದೆ."

"ಯಾವಾಗ? ನೀವಿದ್ರಾ ಅಲ್ಲಿ?"

ಅವಳು ಕೀ ಎತ್ತಿ ಅವನ ಅಂಗೈಯಲ್ಲಿಟ್ಟಳು. ಇಷ್ಟು ದಿನದ ಅವಮಾನ ಒಂದು ಗಳಿಗೆಯಲ್ಲಿ ಕರಗಿತು. ಅದರ ಜಾಗದಲ್ಲಿ ಬಂದು ಕೂತದ್ದು ಭಯ. ಅಂಥ ಭಯ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

"ಕಣ್ಣಿನ ಪರದೆ ಸವೀತಾ ಇದೆಯಂತೆ," ಎಂದ ಅವನು, ನೆಲದ ಮೇಲೇ ಕೂತು. "ಮೊದಲು ಕತ್ತಲಲ್ಲಿ ಕಾಣಲ್ಲ, ಆಮೇಲೆ ಅಕ್ಕಪಕ್ಕ ಕಾಣಲ್ಲ... ಡಾಕ್ಟ್ರು ಔಷಧಿ ಇಲ್ಲ ಅಂದ್ರು. ಯಾರಿಗೂ ಹೇಳಿಲ್ಲ. ಅಣ್ಣನ ಮನೇಲಿ ಇರೋನು ನಾನು. ಈ ಕೆಲಸ ಹೋದ್ರೆ ಅತ್ತಿಗೆ ಬಡಿಸಿದ ಅನ್ನ ಗಂಟಲಲ್ಲಿ ಇಳಿಯುತ್ತಾ ಹೇಳಿ? ಇನ್ನೊಂದು ಜೊತೆ ಲೈಟು ಹಾಕಿಕೊಡಿ ಕಿಡಿ. ಇನ್ನೂ ದೊಡ್ಡದು. ನಿಮಗೆ ಕೈ ಮುಗೀತೀನಿ."

"ಹಾಕಲ್ಲ."

"ಯಾಕೆ?"

"ಹಾಕಿದ್ರೆ ನೀವು ಇನ್ನೂ ಜೋರಾಗಿ ಹೋಗ್ತೀರ. ನನ್ನ ಕೈಯಾರೆ ನಿಮ್ಮನ್ನ ಸಾಯಿಸಲ್ಲ ನಾನು! ಸಂಜೆ ಓಡಿಸೋದು ಬಿಡಿ. ನಾಳೆನೇ ಲ್ಯಾಬಿನವರಿಗೆ ಹೇಳಿ."

"ನಿಮ್ಮ ಕೆಲಸ ಲೈಟು ಹಾಕೋದು," ಎಂದ ಅವನು, ದನಿ ಒಡೆದು. "ಬದುಕೋದು ಹೇಗೆ ಅಂತ ಹೇಳೋದಲ್ಲ."

ವಾಪಸು ಬರುವಾಗ ಬೈಕು ಓಡಿಸಿದ್ದು ಅವಳು. ಅಂಗಡಿಯ ಮುಂದೆ ಇಳಿದು ಕೀ ಕೊಡದೆ ಹಿಡಿದುಕೊಂಡಳು. ಅವನು ಕೇಳಲಿಲ್ಲ. ಬೀದಿದೀಪದ ಬೆಳಕಿನಲ್ಲಿ ಬೈಕನ್ನು ತಳ್ಳಿಕೊಂಡೇ ಹೊರಟ. ಕೊನೆಗೆ ಅವಳೇ ಓಡಿಹೋಗಿ ಅವನ ಜೇಬಿಗೆ ಕೀ ಹಾಕಿದಳು.

ಅವನು ಅಂಗಡಿಗೆ ಬರುವುದನ್ನು ಬಿಟ್ಟ. ಸಂಜೆ ಓಡಿಸುವುದನ್ನು ಬಿಡಲಿಲ್ಲ.

ಇವಳಿಗೆ ಸಂಜೆಯಾಯಿತೆಂದರೆ ಕೈ ಕೆಲಸದಲ್ಲಿದ್ದರೂ ಕಿವಿ ರಸ್ತೆಯಲ್ಲಿ. ಗುಡ್ಡದ ಕಡೆಯಿಂದ ಆ ಬೈಕಿನ ಸದ್ದು ಕೇಳಿ, ಅಂಗಡಿಯ ಮುಂದೆ ಹಾದು ಹೋದ ಮೇಲೆಯೇ ಅವಳಿಗೆ ಉಸಿರು. 'ಆ ಧೈರ್ಯ ಅವನಿಗೆ ಕೊಟ್ಟಿದ್ದು ನನ್ನ ಲೈಟು. ಏನಾದರೂ ಆದರೆ...' ಮುಂದಿನದನ್ನು ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ.

ಹಾಗೇ ಒಂದು ಸಂಜೆ ಸದ್ದು ಬರಲೇ ಇಲ್ಲ.

ಬೀದಿದೀಪ ಹತ್ತಿತು. ಎದುರಿನ ಟೈಲರು ಅಂಗಡಿ ಮುಚ್ಚಿದ. ಫೋನು ಹಚ್ಚಿದರೆ ರಿಂಗಾಯಿತು, ಎತ್ತಲಿಲ್ಲ.

"ಬೇರೆ ದಾರೀಲಿ ಹೋಗಿರ್ತಾನೆ ಬಿಡೇ," ಎಂದ ಮಾವ. ಆದರೆ ಅವನೂ ಒಂದೇ ಬೋಲ್ಟನ್ನು ಆಗಿನಿಂದ ಒರೆಸುತ್ತಲೇ ಇದ್ದ.

"ಬೇರೆ ದಾರಿ ಎಲ್ಲಿದೆ ಮಾವ?"

ಮಾವ ಸುಮ್ಮನೆ ತನ್ನ ಸ್ಕೂಟರಿನ ಕೀ ಅವಳ ಮುಂದಿಟ್ಟ.

ಗುಡ್ಡದ ರಸ್ತೆಯ ಒಂದೊಂದು ತಿರುವಿನಲ್ಲೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಕಪ್ಪಗೆ ಬಿದ್ದಿದ್ದೆಲ್ಲ ಬೈಕಿನಂತೆ, ಬೆಳ್ಳಗೆ ಕಂಡಿದ್ದೆಲ್ಲ ಅವನ ಅಂಗಿಯಂತೆ. ಒಮ್ಮೆ ಗೋಣಿಚೀಲವೊಂದನ್ನು ಕಂಡು ಸ್ಕೂಟರು ನಿಲ್ಲಿಸಿ ಓಡಿದಳು. ಬರೀ ಚೀಲ ಎಂದು ಗೊತ್ತಾದ ಮೇಲೂ ಅಳು ನಿಲ್ಲಲಿಲ್ಲ. 'ಬದುಕಿರಲಿ... ನನ್ನ ಜೊತೆ ಜನ್ಮದಲ್ಲಿ ಮಾತಾಡದಿದ್ದರೂ ಸರಿ, ಬದುಕಿರಲಿ!'

ಏರು ಮುಗಿಯುವಲ್ಲಿ ಎರಡು ಬಿಳಿ ಬೆಳಕು ಕಂಡವು. ಅವಳು ತನ್ನ ಕೈಯಾರೆ ಹಾಕಿದ ಬೆಳಕು. ಆದರೆ ಅವು ಅಲುಗಾಡುತ್ತಿರಲಿಲ್ಲ. ರಸ್ತೆಯ ಮೇಲೂ ಬಿದ್ದಿರಲಿಲ್ಲ. ಕಣಿವೆಯ ಕಡೆ, ಬರೀ ಗಾಳಿಯನ್ನು ಬೆಳಗುತ್ತಿದ್ದವು.

ಅವಳು ಸ್ಕೂಟರನ್ನು ಹತ್ತಿರಕ್ಕೆ ತಂದು ನಿಲ್ಲಿಸಿದಳು.

ಬೈಕಿನ ಮುಂದಿನ ಚಕ್ರ ಅಂಚಿನ ಆಚೆಗೆ ಇಳಿದಿತ್ತು. ಹಿಂದೆ, ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಅವನು ನಿಂತಿದ್ದ. ನಿಂತಿದ್ದ! ಒಂದು ಹೆಜ್ಜೆ ಆಚೆಗೂ ಇಲ್ಲ, ಈಚೆಗೂ ಇಲ್ಲ.

"ಯಾರು?" ಎಂದ ಅವನು, ಸ್ಕೂಟರಿನ ಬೆಳಕಿಗೆ ಕಣ್ಣು ಕಿವುಚಿ. "ಯಾರೇ ಆಗಲಿ, ಸ್ವಲ್ಪ ಕೈ ಕೊಡಿ. ಅಂಚು ಎಲ್ಲಿದೆ ಅಂತ ಕಾಣ್ತಿಲ್ಲ ನಂಗೆ."

ಅವಳು ದೀರ್ಘವಾಗಿ ಉಸಿರು ಎಳೆದುಕೊಂಡಳು.

"...ಕಿಡಿ?"

"ಹೇಗೆ ಗೊತ್ತಾಯ್ತು?"

"ಬೈಯೋಕೆ ಮುಂಚೆ ಇಷ್ಟು ಹೊತ್ತು ಉಸಿರು ಎಳ್ಕೊಳೋರು ಇನ್ಯಾರಿದ್ದಾರೆ?"

ಅವಳು ಬೈಯಲಿಲ್ಲ. ಹೋಗಿ ಅವನ ಕೈ ಹಿಡಿದಳು. ರಸ್ತೆಯ ನಡುವಿಗೆ ಕರೆತಂದ ಮೇಲೂ ಬಿಡಲಿಲ್ಲ.

"ಫೋನು ಯಾಕೆ ಎತ್ತಲಿಲ್ಲ?"

"ಜೇಬಿಗೆ ಕೈ ಹಾಕೋಕೂ ಭಯ ಆಯ್ತು. ಅಲುಗಾಡಿದ್ರೆ ಬೀಳ್ತೀನಿ ಅಂತ." ಅವನು ಡಬ್ಬಿಯನ್ನು ಎದೆಗೆ ಒತ್ತಿಕೊಂಡ. "ಎದುರಿಂದ ಲಾರಿ ಬಂತು. ಕಣ್ಣೆಲ್ಲ ಬೆಳ್ಳಗಾಗಿ, ಆಮೇಲೆ ಕಪ್ಪಗಾಯ್ತು. ಇಷ್ಟೇ, ಮುಗೀತು ಅಂದ್ಕೊಂಡೆ. ಆಗ ಅಣ್ಣ ನೆನಪಾಗಲಿಲ್ಲ, ಕೆಲಸ ನೆನಪಾಗಲಿಲ್ಲ. ನಿಮಗೆ ಒಂದು ಮಾತು ಹೇಳದೇ ಹೋಗ್ತಿದ್ದೀನಲ್ಲ ಅಂತ ಅನ್ನಿಸ್ತು. ಬೆಳಕು ಸಾಲ್ತಿಲ್ಲ ಅಂತ ಬರ್ತಿದ್ದೆನಲ್ಲ... ಅದು ನಿಜಾನೇ. ಆದ್ರೆ ಸಾಕಾಗಿದ್ರೂ ಬರ್ತಿದ್ದೆ ನಾನು."

ಅವಳು ಅವನ ಎದೆಗೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ನಡುವೆ ಆ ಐಸ್ ಡಬ್ಬಿ ಬೇರೆ!

"ಸ್ಯಾಂಪಲ್ಲು ಕೆಡುತ್ತೆ," ಎಂದ ಅವನು ಮೆಲ್ಲಗೆ.

ಇಬ್ಬರೂ ಸೇರಿ ಬೈಕನ್ನು ಹಿಂದಕ್ಕೆ ಎಳೆದರು. ಸ್ಕೂಟರಿಗೆ ಬೀಗ ಹಾಕಿ ಬದಿಗೆ ಬಿಟ್ಟು, ಅವಳು ಬೈಕಿನ ಹ್ಯಾಂಡಲು ಹಿಡಿದಳು. ಅವನು ಡಬ್ಬಿಯನ್ನು ಕಟ್ಟಿ ಹಿಂದೆ ಕೂತ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ಬಂದ ಬಸ್ಸು ಸಿಟ್ಟಿನಿಂದ ಲೈಟು ಮಿಟುಕಿಸಿತು. ಇಬ್ಬರ ಭಾರಕ್ಕೆ ಬೈಕಿನ ಹಿಂಭಾಗ ಕುಗ್ಗಿ, ಮುಂಭಾಗ ಎದ್ದು, ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು. ಅವಳು ನಿಲ್ಲಿಸಿ ಇಳಿದು, ಬೈಕಿನ ಟೂಲ್ ಕಿಟ್ಟಿನಿಂದ ಸ್ಪ್ಯಾನರು ತೆಗೆದು ಎರಡೂ ಲೈಟುಗಳನ್ನು ತುಸು ಕೆಳಗೆ ಬಗ್ಗಿಸಿದಳು.

"ನಾಳೆ ಒಬ್ಬನೇ ಕೂತ್ರೆ ಬೆಳಕು ತೀರಾ ಹತ್ರ ಬೀಳುತ್ತಲ್ವಾ? ಮತ್ತೆ ಎತ್ತಿ ಕೊಡ್ತೀರಾ?"

ಅವಳು ಬೋಲ್ಟು ಬಿಗಿಯುತ್ತಲೇ ಕೇಳಿದಳು. "ಒಬ್ಬನೇ ಯಾಕೆ ಕೂರ್ತೀಯ?"

ಅವನು ಬೈಕಿನ ಸೀಟು ಹಿಡಿದು ಕೇಳಿದ, "ಮುಂದೆ ಹಗಲೂ ಕಾಣದೇ ಹೋದ್ರೆ, ಕಿಡಿ?"

"ಗೊತ್ತಿಲ್ಲ ಕಣೋ. ನಂಗೂ ಅದೇ ಭಯ. ಆದ್ರೆ ಅಂಗಡೀಲಿ ಕೂತು ನಿನ್ನ ಸದ್ದು ಕಾಯೋ ಭಯ ಇದೆಯಲ್ಲ, ಅದು ಇದಕ್ಕಿಂತ ಕೆಟ್ಟದ್ದು. ಅದು ನಂಗೆ ಬೇಡ. ನಾಳೆ ಇಬ್ಬರೂ ಹೋಗಿ ಲ್ಯಾಬಿನವರಿಗೆ ಹೇಳೋಣ. ನಿಮ್ಮ ಅಣ್ಣನಿಗೂ."

ಅವಳು ಮತ್ತೆ ಹತ್ತಿ ಕೂತಳು. ಎಂಜಿನ್ ಸದ್ದು ಮಾಡಿತು. ಮುಂದೆ ಇಳಿಜಾರು, ತಿರುವಿನ ಮೇಲೆ ತಿರುವು.

"ಗಟ್ಟಿಯಾಗಿ ಹಿಡ್ಕೋ."

"ಭಯ ಆಗ್ತಿದೆಯಾ ನಿಂಗೆ?"

"ಹೂಂ. ನಿಂಗೆ?"

"ನಂಗೂ."

"ಹಾಗಾದ್ರೆ ಇನ್ನೂ ಗಟ್ಟಿಯಾಗಿ ಹಿಡ್ಕೋ."