ಹೊಳೆಯುವ ಅಳತೆಪಟ್ಟಿ

“ಪಟ್ಟಿ ಸುಳ್ಳು ಹೇಳಲ್ಲ ಕಣೋ ತ್ಯೇರ್ಡ್. ಹೇಳೋನು ನೀನೇ ಇರ್ಬೇಕು.”

ನೀರುಗಂಟಿ ಡರ್ಕ್ ಕಾಲುವೆಯ ಕಂಬಕ್ಕೆ ಬಿಗಿದ ಬಿಳಿ ಅಳತೆಪಟ್ಟಿಯತ್ತ ಬೆರಳು ಮಾಡಿದ. ನೀರು ಕೆಂಪು ಗೆರೆಯನ್ನು ಸರಿಯಾಗಿ ಮುಟ್ಟಿತ್ತು.

ಫ್ರೀಸ್‌ಲಾಂಡಿನ ಈ ಕರಿಮಣ್ಣು ಹಳೆಯ ಗಿಡಗಂಟಿ ಕೊಳೆತು ಆದದ್ದು; ಒಣಗಿದರೆ ಇಂಗಾಲ ಉಗುಳುತ್ತದೆ, ಲೋಕ ಬಿಸಿಯಾಗುತ್ತದೆ; ಅದಕ್ಕೇ ಕಾಲುವೆಯ ನೀರು ಆ ಗೆರೆಗಿಂತ ಇಳಿಯಕೂಡದೆಂದು ಹೇಗ್‌ನ ಸಂಸತ್ತಿನಲ್ಲಿ ಕಾನೂನಾಗಿತ್ತು. ಊರ ಸಭೆಯಲ್ಲಿ ಅದಕ್ಕೆ ಎಲ್ಲರಿಗಿಂತ ಜೋರಾಗಿ ಬೈದವನು ತ್ಯೇರ್ಡ್. ಈಗ ಅವನ ಹುಲ್ಲುಗಾವಲು ಜವುಗಾಗಿತ್ತು. ಕೊಯ್ಯುವ ಯಂತ್ರ ಇಳಿಸುವಂತಿಲ್ಲ. ಹುಲ್ಲು ಕೊಳೆತರೆ ಚಳಿಗಾಲಕ್ಕೆ ಮೇವಿಲ್ಲ, ಹಸುಗಳನ್ನು ಮಾರಬೇಕು.

“ನೀರು ಏರಿದೆ,” ಎಂದ ತ್ಯೇರ್ಡ್.

“ನಿನ್ನ ನೆಲ ಕುಸಿದಿದೆ,” ಎಂದ ಡರ್ಕ್.

ಯಾವುದು ನಿಜ? ಈ ಸೀಮೆಯಲ್ಲಿ ನೆಲ ಕುಸಿಯುವುದೂ ಉಂಟು. ತ್ಯೇರ್ಡ್‌ಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು.

ಜಲಮಂಡಳಿಯ ತನಿಖಾಧಿಕಾರಿ ಸೀಬ್ರನ್ ಮೂಗು ಪಟ್ಟಿಗೆ ತಗಲುವಷ್ಟು ಬಗ್ಗಿ ನೋಡಿದ. “ಪಕ್ಕದ ಮನೆ ಯಾರದು?”

“ರೆನ್ಸ್ಕೆ ಚಿಕ್ಕಮ್ಮಂದು. ಅವರನ್ನ ಯಾಕೆ ಎಳೀತೀರಿ?” ಎಂದ ಡರ್ಕ್.

ರೆನ್ಸ್ಕೆ ಹೊಸ್ತಿಲಲ್ಲಿ ಹೂಕುಂಡಗಳನ್ನು ಬೋರಲು ಹಾಕಿ ತಳ ಉಜ್ಜುತ್ತಿದ್ದಳು.

“ತಳ ಯಾರು ನೋಡ್ತಾರೆ ಚಿಕ್ಕಮ್ಮ?” ಡರ್ಕ್ ನಕ್ಕ.

“ನಾನು ನೋಡ್ತೀನಲ್ಲ. ನಿನ್ನ ಬೂಟು ಆಚೆ ಬಿಡು.”

ಸೀಬ್ರನ್ ಗೋಡೆ ಸವರಿದ. “ಈ ಬಿರುಕು?”

“ಹಳೇದು. ಈಗ ಬೆಳೀತಿಲ್ಲ, ದೇವರು ದೊಡ್ಡೋನು.”

“ಮನೆ ನೆಲದೊಳಗಿನ ಮರದ ಕಂಬಗಳ ಮೇಲೆ ನಿಂತಿದೆ, ಅಲ್ವೇ?”

“ಈ ಕಡೆ ಯಾವ ಮನೆ ನಿಂತಿಲ್ಲ?” ಅವಳ ಬ್ರಷ್ ನಿಂತಿತು.

ಕಾಲುವೆಗೆ ಮರಳಿದ ಸೀಬ್ರನ್ ಅಂಗಿಯ ತೋಳು ಮಡಚಿ ನೀರಿಗೆ ಕೈಯಿಟ್ಟ. “ಡರ್ಕ್, ಇಲ್ಲಿ ಮುಟ್ಟಿ ನೋಡು.”

ಕಂಬದಲ್ಲಿ, ಪಟ್ಟಿಯ ಬೋಲ್ಟುಗಳಿಗಿಂತ ಒಂದು ಗೇಣು ಕೆಳಗೆ, ಎರಡು ಖಾಲಿ ತೂತು.

“ಪಟ್ಟಿನ ಮೇಲಕ್ಕೆ ಎತ್ತಿದ್ದಾರಾ?” ಡರ್ಕ್ ಬೆಪ್ಪಾದ. “ಹಾಗಾದ್ರೆ ನಾನು ಗೆರೆ ನೋಡಿ ತೂಬು ಮುಚ್ಚಿದಾಗೆಲ್ಲ...”

“ಒಂದು ಗೇಣು ಹೆಚ್ಚು ನೀರು ನಿಂತಿದೆ.”

“ತ್ಯೇರ್ಡ್‌ದೇ ಕೆಲಸ. ಕಾನೂನಿಗೆ ಕೆಟ್ಟ ಹೆಸರು ತರೋಕೆ,” ಎಂದು ಡರ್ಕ್ ಪಕ್ಕದಲ್ಲಿದ್ದ ತ್ಯೇರ್ಡ್‌ನತ್ತ ಬೆರಳು ಮಾಡಿದ.

“ಅವನ ಹುಲ್ಲು ಅವನೇ ಕೊಳೆಸ್ತಾನಾ? ಪಟ್ಟಿ ನೋಡು. ವರ್ಷವಿಡೀ ನೀರಲ್ಲಿರೋದು ತಟ್ಟೆ ಥರ ಹೊಳೀತಿದೆ. ಎತ್ತಿದ ದಿನ ಪಾಚಿ ಮೆತ್ತಿದ ಭಾಗ ಹೊರಗೆ ಕಂಡಿರುತ್ತೆ. ಅದು ನಿನ್ನ ಕಣ್ಣಿಗೆ ಬೀಳಬಾರದು ಅಂತ ಉಜ್ಜಿದ್ದಾರೆ. ನೀವಿಬ್ಬರಾಗಿದ್ರೆ ಮುಂಭಾಗ ಒರೆಸಿ ಕೈ ತೊಳ್ಕೋತಿದ್ರಿ. ಇದರ ಬೆನ್ನನ್ನೂ ಉಜ್ಜಿದ್ದಾರೆ.”

ಮೂವರೂ ತಿರುಗಿದರು. ರೆನ್ಸ್ಕೆ ಬಕೆಟ್ ಹಿಡಿದು ದಡದಲ್ಲೇ ನಿಂತಿದ್ದಳು.

“ಬೇಸಿಗೆಯಲ್ಲಿ ನೀರು ಇಳಿದಾಗ ಮನೆ ಕಂಬಗಳ ತಲೆಗೆ ಗಾಳಿ ತಗುಲಿ ಕೊಳೆತ್ವು,” ಎಂದಳು. “ನೀರಲ್ಲಿ ಮುಳುಗೇ ಇದ್ರೆ ಮರ ಕೊಳೆಯಲ್ಲ. ಕಾನೂನು ನೀರು ಏರಿಸುತ್ತೆ ಅಂದ್ರು, ನಾನು ಕೈ ಎತ್ತಿ ಒಪ್ಪಿದೆ. ಆಮೇಲೆ ನೋಡಿದ್ರೆ ಆ ಗೆರೆ ನಿಂತಿರೋದು ಮಣ್ಣಿಗೆ ಸಾಕಾಗೋವಷ್ಟು. ನನ್ನ ಕಂಬಕ್ಕೆ ಇನ್ನೊಂದು ಗೇಣು ಬೇಕಿತ್ತು.”

“ನನ್ನ ಹಸುಗಳು ಚಿಕ್ಕಮ್ಮ?”

“ನಿನ್ನ ಹುಲ್ಲಿಗೆ ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ ಮಗ. ಗೊತ್ತಾದ ಮೇಲೆ ಹೇಳೋಕೆ ಬಾಯಿ ಬರಲಿಲ್ಲ.”

ತ್ಯೇರ್ಡ್‌ಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಗೆರೆ ಇಳಿದರೆ ಅವನ ಹಸು ಉಳಿಯುತ್ತದೆ, ಅವಳ ಮನೆ ವಾಲುತ್ತದೆ.

“ಪಟ್ಟಿ ಇಳಿಸಲೇಬೇಕು,” ಎಂದ ಸೀಬ್ರನ್. “ಕಂಬಗಳ ವಿಷಯ ವರದಿಯಲ್ಲಿ ಬರೀತೀನಿ. ಯಾರು ಓದ್ತಾರೋ ಗೊತ್ತಿಲ್ಲ.”

ತ್ಯೇರ್ಡ್ ನೀರಿಗಿಳಿದು ಕೆಸರುಗೈಯಲ್ಲೇ ಪಟ್ಟಿಯನ್ನು ಹಳೆಯ ತೂತಿಗೆ ಇಳಿಸಿ ಬೋಲ್ಟು ಬಿಗಿದ. ಡರ್ಕ್ ತೂಬು ತೆರೆಯಲು ನಡೆದ. ರೆನ್ಸ್ಕೆ ಬಗ್ಗಿ, ಪಟ್ಟಿಯ ಮೇಲಾದ ಕೆಸರಿನ ಬೆರಳಚ್ಚುಗಳನ್ನು ಬ್ರಷ್‌ನಿಂದ ಉಜ್ಜತೊಡಗಿದಳು.