ಸದ್ದುನುಂಗ ಮತ್ತು ರಾಜಕುಮಾರಿಯ ಮೈಕು

ಒಂದಾನೊಂದು ಕಾಲದಲ್ಲಿ ಎನ್ನುವಷ್ಟು ಹಿಂದೆಯೂ ಅಲ್ಲ, ಏಳು ಸಮುದ್ರದಾಚೆ ಎನ್ನುವಷ್ಟು ದೂರವೂ ಅಲ್ಲ, ಒಂದು ಬಾವಿಯ ಆಳದಷ್ಟು ದೂರದಲ್ಲಿ ಝೇಂಕಾರಪುರವೆಂಬ ರಾಜ್ಯವಿತ್ತು. ಅರಮನೆಯ ಹಿಂದಿನ ಬತ್ತಿದ ಬಾವಿಯ ತಳದಲ್ಲೊಂದು ಬಾಗಿಲು. ಅದನ್ನು ದಾಟಿದರೆ ನಮ್ಮ ಲೋಕ. ರಾಜಕುಮಾರಿ ಝಂಕಾರಿಣಿ ಯಾರಿಗೂ ಹೇಳದೆ ಇಲ್ಲಿಗೆ ಬಂದು, ಹರಿದ ಜೀನ್ಸ್ ತೊಟ್ಟು ವೇದಿಕೆಯ ಮೇಲೆ ರಾಕ್ ಹಾಡುತ್ತಿದ್ದಳು. ಕಿರೀಟ ಗಿಟಾರಿನ ಚೀಲದಲ್ಲಿ ಬಿದ್ದಿರುತ್ತಿತ್ತು. ಮೈಕು, ಸ್ಪೀಕರು ನೋಡಿಕೊಳ್ಳುವ ಸ್ಟೆಲ್ಲಾಗೆ ಇವಳು ರಾಜಕುಮಾರಿಯೆಂದು ಗೊತ್ತಿರಲಿಲ್ಲ. ಹಾಗಾಗಿ ಧಾರಾಳವಾಗಿ ಬೈಯುತ್ತಿದ್ದಳು.

"ಮೈಕ್ ಹಿಡ್ಕೊಂಡು ಸ್ಪೀಕರಿನ ಎದುರು ಹೋಗ್ಬೇಡ ಮಾರಾಯ್ತಿ! ಅದು ಉಗುಳಿದ್ದನ್ನು ಇದು ಕುಡೀತದೆ, ಇದು ಕುಡಿದದ್ದನ್ನು ಅದು ಉಗುಳ್ತದೆ. ಕೂಗು ಮುಗಿಯುವುದೇ ಇಲ್ಲ!"

ಒಂದು ಸಂಜೆ ಝಂಕಾರಿಣಿ ಬಾವಿಯಿಂದ ಮೇಲೆ ಬಂದಾಗ ಅರಮನೆಯ ಗಂಟೆ ತೂಗುತ್ತಿತ್ತು, ಸದ್ದಿರಲಿಲ್ಲ. ಗಿಳಿಗಳು ಕೊಕ್ಕು ತೆರೆದು ಮುಚ್ಚುತ್ತಿದ್ದವು, ಸದ್ದಿರಲಿಲ್ಲ. ಅಪ್ಪ ಮಹಾರಾಜ ಏನೋ ಕೂಗುತ್ತಿದ್ದ, ಸದ್ದಿರಲಿಲ್ಲ. ಪುಟ್ಟ ತಂಗಿ ಪಿಂಗಳೆ ಓಡಿ ಬಂದಳು.

"ಸದ್ದುನುಂಗ ಬಂದಿದ್ದಾನೆ! ನಾನು ಕಣಜದಲ್ಲಿ ಅಡಗಿದ್ದೆ. ಎಲ್ಲರ ದನಿಯನ್ನೂ ನುಂಗಿಬಿಟ್ಟ. ಹೊತ್ತು ಮುಳುಗುವುದರೊಳಗೆ ಕಕ್ಕಿಸದಿದ್ದರೆ ಅವನ ಹೊಟ್ಟೆಯಲ್ಲೇ ಕರಗಿಹೋಗುತ್ತವಂತೆ. ಏನಾದರೂ ಮಾಡು, ಅಕ್..."

ಮಾತು ಅರ್ಧಕ್ಕೇ ನಿಂತಿತು. ಕಂಬದ ಮರೆಯಿಂದ ಮಾಂತ್ರಿಕ ಸದ್ದುನುಂಗ ಈಚೆ ಬಂದ. ಕಣ್ಣಿಲ್ಲ, ಮೂಗಿಲ್ಲ, ಮುಖದ ತುಂಬ ಬಾಯಿ. ಅವನ ಹೆಜ್ಜೆ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದುದು ಹೊಟ್ಟೆಯೊಳಗೆ ಇಡೀ ಊರು ಅಳುವ ಗುಜುಗುಜು.

"ನೀನೂ ಹಾಡು ಮಗಳೇ," ಎಂದ, ಅವಳ ಅಪ್ಪನದೇ ದನಿಯಲ್ಲಿ.

ಝಂಕಾರಿಣಿ ಮೊದಲು ಜೋಗುಳ ಹಾಡಿದಳು, ಹುಲಿಯನ್ನೂ ಮಲಗಿಸುವ ಜೋಗುಳ. ಅವನು ಗುಟುಕರಿಸಿ, "ಸಪ್ಪೆ," ಎಂದ. ಆಮೇಲೆ ಗಂಟಲು ಹರಿಯುವಂತೆ ರಾಕ್ ಕಿರುಚಿದಳು. ಕಿಟಕಿಯ ಗಾಜುಗಳು ಒಡೆದವು. ಅವನು ಬಾಯಿ ಚಪ್ಪರಿಸಿದ. ಅವಳ ಗಂಟಲು ಖಾಲಿಯಾಯಿತು.

"ಬಹಳ ರುಚಿ. ಇನ್ನೇನಿದೆ?" ಎಂದ. ಈ ಸಲ ಅದು ಅವಳದೇ ದನಿ. ತನ್ನದೇ ದನಿ ಕೇಳಿ ಅವಳಿಗೆ ಸಾವಿಗಿಂತ ಹೆಚ್ಚು ಭಯವಾಯಿತು.

ಹೊತ್ತು ಕಂತುತ್ತಿತ್ತು. ಆಗ ಮುಗಿಯದ ಕೂಗಿನ ಬಗ್ಗೆ ಸ್ಟೆಲ್ಲಾ ಬೈದದ್ದು ನೆನಪಾಯಿತು. ಆದರೆ ಇವನನ್ನು ಬಾವಿಯಾಚೆಗೆ ಕರೆದೊಯ್ಯುವುದೆಂದರೆ ಆ ಲೋಕವನ್ನೂ ಎಲೆಯಲ್ಲಿ ಬಡಿಸಿದಂತೆ! ಪಿಂಗಳೆಯ ಬಾಯಿ ಸದ್ದಿಲ್ಲದೆ ಅಳುತ್ತಿತ್ತು. ಅದನ್ನು ನೋಡಿ ಝಂಕಾರಿಣಿ ಬಾವಿಗೆ ಹಾರಿದಳು. ಬಾಗಿಲಾಚೆ ಡ್ರಮ್ಮು ಬಡಿಯುತ್ತಿತ್ತು. ಹಸಿದ ಸದ್ದುನುಂಗ ಬೆನ್ನಟ್ಟಿ ಬಂದ.

ವೇದಿಕೆ ಹತ್ತುತ್ತಲೇ ಡ್ರಮ್ಮಿನ ಸದ್ದನ್ನು ನುಂಗಿದ. ಬೈಯಲು ಬಾಯಿ ತೆರೆದ ಸ್ಟೆಲ್ಲಾಳ ದನಿಯನ್ನೂ ನುಂಗಿದ. ಝಂಕಾರಿಣಿ ಮೈಕನ್ನು ಸ್ಪೀಕರಿನ ಬಾಯಿಗೇ ಒತ್ತಿ, ಉಗುರಿನಿಂದ ಒಮ್ಮೆ ಕುಟ್ಟಿದಳು.

ಕೂಂಂಂಯ್!

ಅವನು ನುಂಗಿದ. ಅದು ಮುಗಿಯಲಿಲ್ಲ. ಇನ್ನಷ್ಟು ನುಂಗಿದ. ಇನ್ನಷ್ಟು ಬಂತು. ಬಾಯಿ ಮುಚ್ಚಲು ನೋಡಿದ, ಆಗಲಿಲ್ಲ. ಹೊಟ್ಟೆ ಬಿರಿಯುವಷ್ಟು ಉಬ್ಬಿತು. ಅವಳ ಕಿವಿಯಿಂದ ರಕ್ತ ಇಳಿಯಿತು, ಕೈ ಮಾತ್ರ ಕದಲಲಿಲ್ಲ.

ಕೊನೆಗೆ ಅವನು ಕಕ್ಕಿದ. ಗಂಟೆ, ಗಿಳಿ, ಅಪ್ಪ, ಊರು, ಜೋಗುಳ, ಎಲ್ಲವೂ ಗದ್ದಲವೆಬ್ಬಿಸುತ್ತ ಬಾವಿಯತ್ತ ಹಾರಿದವು. ಸದ್ದುನುಂಗ ಕುಗ್ಗಿ ಕುಗ್ಗಿ ಬರೀ ಬಾಯಾದ. ಅದೂ ಮುಚ್ಚಿಕೊಂಡು ಮಾಯವಾಯಿತು. ಆದರೆ ತಂಗಿಯ ದನಿ ಇನ್ನೂ ಬಂದಿರಲಿಲ್ಲ. ಝಂಕಾರಿಣಿ ಬಾವಿಯ ಬಾಗಿಲತ್ತ ಓಡಿದಳು.

ಆಗ ಬಾವಿಯ ಮೇಲಿನಿಂದ ಕೇಳಿಸಿತು: "...ಕಾ!"

ಸ್ಟೆಲ್ಲಾ ಅವಳ ಕಿವಿ ಒರೆಸುತ್ತ ಮತ್ತೆ ಬೈದಳು. ಮಹಾರಾಜ ಬಾವಿಗೆ ಮೆಟ್ಟಿಲು ಕಟ್ಟಿಸಿದ. ಅಂದಿನಿಂದ ಝೇಂಕಾರಪುರದಲ್ಲಿ ಯಾರೂ ಯಾರಿಗೂ ಬಾಯಿ ಮುಚ್ಚು ಎನ್ನಲಿಲ್ಲ. ಎಲ್ಲರೂ ಗಲಾಟೆ ಮಾಡಿಕೊಂಡು ಸುಖವಾಗಿದ್ದರು.